ಸತ್ತ ಮಂಗವನ್ನು ಹಳ್ಳಕ್ಕೆ ಎಸೆಯಬೇಡಿ

ಡಿಸೆಂಬರ್ ಬಂತೆಂದರೆ ಮಲೆನಾಡಿನ ಪಶುವೈದ್ಯನಾದ ನನಗೆ ದನದ ಕರೆಗಳಷ್ಟೇ ಮಂಗನ ಕರೆಗಳೂ ಬರುತ್ತವೆ. ಅವುಗಳಲ್ಲಿ ಒಂದು ಮಾತು ಪ್ರತಿ ವರ್ಷವೂ ಇರುತ್ತದೆ: "ಏರ್‌ಗನ್ನಿನಲ್ಲಿ ನಾಲ್ಕು ಮಂಗ ಹೊಡೆದರೆ ತೋಟವೂ ಉಳಿಯುತ್ತದೆ, ಮಂಗನ ಕಾಯಿಲೆಯೂ ದೂರವಾಗುತ್ತದೆ ಅಲ್ಲವೇ ಡಾಕ್ಟರೇ?" ಅಲ್ಲ. ಹೇಳಿ ಹೇಳಿ ನನ್ನ ಬಾಯಿ ಬತ್ತಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಮಂಗಗಳ ಹಾವಳಿ ಸಣ್ಣದೆಂದು ನಾನು ಹೇಳುತ್ತಿಲ್ಲ. ಎಳೆ ಅಡಿಕೆಯನ್ನು ಕಚ್ಚಿ ರಸ ಹೀರಿ ಬಿಸಾಡಿದ ಮರದ ಬುಡದಲ್ಲಿ ರೈತ ಸುಮ್ಮನೆ ನಿಂತಿರುವುದನ್ನು ನೋಡಿದ್ದೇನೆ. ಬಾಳೆ, ಎಳನೀರು, ಏಲಕ್ಕಿ ಯಾವುದನ್ನೂ ಅವು ಬಿಡುವುದಿಲ್ಲ. ಸಿಟ್ಟು ಬರುವುದು ಸಹಜ.

ಆದರೆ ಕಾಯಿಲೆಯ ದಾರಿ ಬೇರೆ. ಮಂಗನ ಕಾಯಿಲೆ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಊರುಗಳಲ್ಲಿ ಜನರೂ ಜ್ವರದಿಂದ ಮಲಗಿದರು. ಹೆಸರು ಬಂದದ್ದು ಹಾಗೆ. ರೋಗವನ್ನು ಹೊತ್ತು ತಿರುಗುವುದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ. ಮಂಗವೂ ನಮ್ಮ ಹಾಗೆಯೇ ಅದಕ್ಕೆ ಬಲಿ. ಮಂಗನ ಮೈಮೇಲೆ ರಕ್ತ ಹೀರುವ ಮರಿ ಉಣುಗು ವೈರಸ್ಸನ್ನು ಪಡೆದು, ಹೊಟ್ಟೆ ತುಂಬಿದ ಮೇಲೆ ನೆಲಕ್ಕೆ ಉದುರಿ, ದರಕಿನ (ಉದುರಿದ ಒಣ ಎಲೆಗಳ) ನಡುವೆ ಪೊರೆ ಕಳಚಿ ಮುಂದಿನ ಹಂತಕ್ಕೆ ಬೆಳೆಯುತ್ತದೆ. ಆಗ ಅದು ಎಳ್ಳಿನ ಕಾಳಿನಷ್ಟಿರುತ್ತದೆ, ಕಚ್ಚಿದ್ದು ಗೊತ್ತಾಗುವುದೂ ಕಷ್ಟ. ಮನುಷ್ಯರಿಗೆ ಹೆಚ್ಚಾಗಿ ರೋಗ ತರುವುದು ಈ ಹಂತದ ಉಣುಗು. ಮಂಗ ಸತ್ತರೆ ಮೈಯ ಮೇಲಿದ್ದ ಉಣುಗುಗಳೆಲ್ಲ ಆ ಜಾಗದಲ್ಲೇ ಚೆಲ್ಲುತ್ತವೆ. ಆದ್ದರಿಂದಲೇ ರೋಗದಿಂದ ಮಂಗ ಸತ್ತ ಜಾಗಕ್ಕೆ ನಾವು ಅಷ್ಟು ಹೆದರುತ್ತೇವೆ. ಗುಂಡು ಮಂಗನಿಗೆ ತಾಗುತ್ತದೆ, ಉಣುಗಿಗಲ್ಲ.

ಏರ್‌ಗನ್ನಿನ ಸೀಸದ ಗುಂಡು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಅದು ದೊಡ್ಡ ಮಂಗವನ್ನು ನಿಂತಲ್ಲೇ ಕೊಲ್ಲುವುದು ಅಪರೂಪ. ಗಾಯಗೊಂಡ ಪ್ರಾಣಿ ಗುಂಪಿನಿಂದ ಹಿಂದುಳಿದು, ಸೊಪ್ಪಿನ ಬೆಟ್ಟದಲ್ಲೋ ಹಳ್ಳದ ಅಂಚಿನಲ್ಲೋ ದಿನಗಟ್ಟಲೆ ನರಳಿ ಸಾಯುತ್ತದೆ. ಮಂಗಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಹೊಡೆದವರು ಹೆದರಿ ಬಾಯಿ ಬಿಡುವುದಿಲ್ಲ. ನನ್ನ ನಿಜವಾದ ಕಳವಳ ಈ ಮೌನದ ಬಗ್ಗೆ.

ಕೆಲವು ವರ್ಷಗಳ ಹಿಂದೆ ಸಾಗರದ ಕಡೆ ಒಂದು ಮನೆಗೆ ಎಮ್ಮೆಯ ಹೆರಿಗೆ ಮಾಡಿಸಲು ಹೋಗಿದ್ದೆ. ಕೈ ತೊಳೆಯುತ್ತಿದ್ದಾಗ ಮನೆಯ ಅಜ್ಜಿ ಹತ್ತಿರ ಬಂದು, "ಹಳ್ಳದ ಕಡೆಯಿಂದ ವಾಸನೆ ಬರುತ್ತಿದೆ, ತಮ್ಮಾ" ಎಂದರು. ಮಗ ತಲೆ ತಗ್ಗಿಸಿದ. ಹೋಗಿ ನೋಡಿದರೆ ಲಂಟಾನದ ಪೊದೆಗೆ ಗೋಣಿಚೀಲವೊಂದು ಸಿಕ್ಕಿಕೊಂಡಿತ್ತು, ಒಳಗೆ ಸತ್ತ ಮಂಗ. ಆರೋಗ್ಯ ಇಲಾಖೆಯವರಿಗೆ ತಿಳಿಸಿ, ರಕ್ಷಣಾ ಉಡುಪು ತೊಟ್ಟು ಶವಪರೀಕ್ಷೆ ಮಾಡಿದೆ. ಹೆಗಲಿನ ಮೂಳೆಯ ಕೆಳಗೆ ಬೇಳೆಯಂತೆ ಚಪ್ಪಟೆಯಾದ ಸೀಸದ ಚೂರು, ಸುತ್ತಲೂ ಕೀವು. ಚರ್ಮದ ಮೇಲೆ ಹುಡುಕಿದರೆ ಉಣುಗು ಒಂದೂ ಇರಲಿಲ್ಲ, ಇದ್ದವು ದಾರಿಯಲ್ಲೇ ಉದುರಿರಬಹುದು. ಚೀಲವನ್ನು ಎಳೆದುಕೊಂಡು ಹೋದ ದಾರಿ ಅಜ್ಜಿ ದಿನವೂ ಕೊಟ್ಟಿಗೆಗೆ ದರಕು ತರುವ ದಾರಿಯೇ ಆಗಿತ್ತು. ಆ ಮಂಗ ಗುಂಡಿನಿಂದ ಸತ್ತಿತೋ, ಕಾಯಿಲೆಯಿಂದ ಸೊರಗಿದ್ದರಿಂದಲೇ ಗುಂಡಿಗೆ ಸಿಕ್ಕಿತೋ? ಕಳಿಸಿದ ಮಾದರಿ ಕೊಳೆತುಹೋಗಿದ್ದರಿಂದ ಉತ್ತರ ಸಿಗಲಿಲ್ಲ. ಕಾಯಿಲೆಯೇ ಎಂದುಕೊಂಡು ಆ ಜಾಗಕ್ಕೆ ಉಣುಗು ಕೊಲ್ಲುವ ಪುಡಿ ಹೊಡೆಸಿದೆವು. ಅಜ್ಜಿಗೆ ಜ್ವರ ಬಂದಿದೆಯೇ ಎಂದು ಹಲವು ದಿನ ಬೆಳಿಗ್ಗೆ ಎದ್ದ ಕೂಡಲೇ ಕರೆ ಮಾಡಿ ಕೇಳುತ್ತಿದ್ದೆ. ಪುಣ್ಯಕ್ಕೆ ಬರಲಿಲ್ಲ.

ಸತ್ತ ಮಂಗ ನಮಗೆ ಸಿಗುವ ಮೊದಲ ಸುಳಿವು. ಎಷ್ಟೋ ಸಲ ಜನರಿಗೆ ಜ್ವರ ಕಾಣಿಸುವ ಮೊದಲೇ ಮಂಗ ಬೀಳುತ್ತದೆ. ಆಗ ತಿಳಿದರೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಂಚಬಹುದು, ಕಾಡಿಗೆ ಹೋಗದಂತೆ ಎಚ್ಚರಿಸಬಹುದು. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದ ಸಾವುಗಳಾದದ್ದನ್ನು ಕಂಡ ಜನ ನಾವು. ಈ ಸುಳಿವನ್ನು ಗೋಣಿಚೀಲದಲ್ಲಿ ಕಟ್ಟಿ ಹಳ್ಳಕ್ಕೆ ಎಸೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸತ್ತ ಮಂಗಗಳಿಗೆಲ್ಲ ಕಾಯಿಲೆ ಇರುತ್ತದೆ ಎಂದಲ್ಲ. ವಿದ್ಯುತ್ ತಂತಿ ತಗುಲಿಯೋ ನಾಯಿ ಕಚ್ಚಿಯೋ ಸಾಯುವುದೂ ಉಂಟು. ಅದನ್ನು ಪ್ರಯೋಗಾಲಯ ಹೇಳಬೇಕು, ನೀವೂ ಅಲ್ಲ, ಬರಿಗಣ್ಣಿನಲ್ಲಿ ನೋಡಿದ ನಾನೂ ಅಲ್ಲ. ಮುಟ್ಟಬೇಡಿ, ಹೂಳಬೇಡಿ, ಸುಡಲೂ ಹೋಗಬೇಡಿ. ಸುಡುವ ಕೆಲಸ ಮಾದರಿ ತೆಗೆದ ಮೇಲೆ ನಮ್ಮದು. ನಾಯಿಯನ್ನು ಕಟ್ಟಿ, ಮಕ್ಕಳನ್ನು ಆ ಕಡೆ ಬಿಡದೆ, ಆರೋಗ್ಯ ಕೇಂದ್ರಕ್ಕೋ ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ತಿಳಿಸಿ. ಗುಂಡು ಹೊಡೆದದ್ದು ನೀವೇ ಆಗಿದ್ದರೂ ತಿಳಿಸಿ. ಕಾನೂನಿನ ವಿಷಯದಲ್ಲಿ ನಾನು ಭರವಸೆ ಕೊಡಲಾರೆ, ಆದರೆ ನಿಮ್ಮ ಮನೆಯವರ ಜೀವ ಅದಕ್ಕಿಂತ ದೊಡ್ಡದು.

ಕಾಡಿನಿಂದ ಬಂದವರು ಬಟ್ಟೆ ಬಿಚ್ಚಿ, ಬಿಸಿನೀರಿನಲ್ಲಿ ಸೋಪು ಹಚ್ಚಿ ಮಿಂದು, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಸಿಕ್ಕ ಉಣುಗನ್ನು ಉಗುರಿನಲ್ಲಿ ಕುಕ್ಕಬೇಡಿ. ದನದ ಮೈಯ ಉಣುಗಿಗೆ ಔಷಧ ಹಾಕುವ ಮೊದಲು ಅದು ಹಾಲಿಗೆ ಸೇರುತ್ತದೆಯೇ ಎಂದು ಪಶುವೈದ್ಯರನ್ನು ಕೇಳಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಕಾಯದೆ, ಕಾಡಿಗೆ ಹೋಗಿದ್ದೆ, ಸತ್ತ ಮಂಗ ಕಂಡಿದ್ದೆ ಎಂಬುದನ್ನೂ ಸೇರಿಸಿ ವೈದ್ಯರಿಗೆ ಹೇಳಿ.