ಮೀನಿನ ತೊಟ್ಟಿಗೂ ಒಂದು ಕೋಡಿ

ದೊಡ್ಡ ಮೀನಿನ ತೊಟ್ಟಿ ಇಟ್ಟವರು ಸ್ಟ್ಯಾಂಡಿನ ಬಾಗಿಲ ಹಿಂದೆ ಇನ್ನೊಂದು ಸಣ್ಣ ತೊಟ್ಟಿಯನ್ನೂ ಇಟ್ಟಿರುತ್ತಾರೆ. ಅದೇ ಸಂಪ್. ಮೇಲಿನಿಂದ ತುಳುಕಿದ ನೀರು ಪೈಪಿನಲ್ಲಿ ಇಳಿದು, ಸ್ಪಂಜು ಮತ್ತು ಬಯೋ ಮೀಡಿಯಾ (ನೀರು ಶುದ್ಧಿ ಮಾಡುವ ಬ್ಯಾಕ್ಟೀರಿಯಾ ನೆಲೆಸುವ ತುಣುಕುಗಳು) ಹಾದು ಕೊನೆಯ ಕೋಣೆ ಸೇರುತ್ತದೆ. ಅಲ್ಲಿಂದ ಪಂಪು ಅದನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಇದನ್ನು ಮಾಡಿಸಲು ಹೊರಟವರ ಮೊದಲ ಪ್ರಶ್ನೆ ಬಹುತೇಕ ಒಂದೇ: ಪಂಪು ಗಂಟೆಗೆ 2,000 ಲೀಟರ್ ಎತ್ತಿದರೆ ಪೈಪೂ ಸರಿಯಾಗಿ 2,000 ಲೀಟರನ್ನೇ ಇಳಿಸಬೇಕಲ್ಲ, ಎರಡನ್ನೂ ಹೊಂದಿಸುವುದು ಹೇಗೆ?

ಹೊಂದಿಸಬೇಕಾಗಿಲ್ಲ. ಕೆರೆ ಕೋಡಿ ಬೀಳುವುದನ್ನು ನೋಡಿದವರಿಗೆ ಇದು ಗೊತ್ತು. ಮಳೆ ಜೋರಾದರೆ ಕೋಡಿಯ ಮೇಲಿನ ನೀರಿನ ಪದರ ದಪ್ಪವಾಗುತ್ತದೆ, ಇಳಿದರೆ ತೆಳುವಾಗುತ್ತದೆ. ಬಂದಷ್ಟು ನೀರು ಹೋಗುತ್ತಲೇ ಇರುತ್ತದೆ. ಒಂದು ಕೆರೆಯ ಕೋಡಿ ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹರಿಯುವ ಹಾಗೆಯೇ ಬೆಂಗಳೂರಿನ ಹಳೆಯ ಕೆರೆಗಳನ್ನು ಸಾಲಾಗಿ ಕಟ್ಟಿದ್ದರು. ತೊಟ್ಟಿಯ ಮೂಲೆಯಲ್ಲಿ ಗಾಜಿನ ಅಡ್ಡಗೋಡೆ ಹಾಕಿ ಮಾಡುವ ಓವರ್‌ಫ್ಲೋ ಪೆಟ್ಟಿಗೆಯ ಕೆಲಸವೂ ಇದೇ.

ಪದರದ ಎತ್ತರಕ್ಕೊಂದು ಲೆಕ್ಕ ಇದೆ. 30 ಸೆಂ.ಮೀ. ಅಗಲದ ಕೋಡಿಯ ಮೇಲೆ ಗಂಟೆಗೆ 2,000 ಲೀಟರ್ ಹರಿದರೆ ನೀರು ಅಂಚಿಗಿಂತ ಸುಮಾರು 1 ಸೆಂ.ಮೀ. ಮೇಲೇಳುತ್ತದೆ. ಹರಿವು ಇಮ್ಮಡಿಯಾದರೆ 2 ಸೆಂ.ಮೀ. ಆಗುವುದಿಲ್ಲ, 1.6 ಅಷ್ಟೇ. ಎತ್ತರ ಸ್ವಲ್ಪ ಏರಿದರೂ ಹರಿವು ಅದಕ್ಕಿಂತ ವೇಗವಾಗಿ ಏರುತ್ತದೆ. ಹಾಗಾಗಿಯೇ ಕೋಡಿ ತನ್ನನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಮೀನು ಜಾರದಿರಲೆಂದು ಅಂಚಿಗೆ ಹಲ್ಲು ಕೊರೆಸಿದ್ದರೆ ನಡುವಿನ ಸಂದಿಗಳನ್ನಷ್ಟೇ ಅಗಲವೆಂದು ಎಣಿಸಬೇಕು. ಅಂಚಿನ ಮೇಲೆ ಮೊದಲು ಹರಿಯುವುದು ಮೇಲ್ಮೈಯ ನೀರಾದ್ದರಿಂದ, ತೇಲುವ ಜಿಡ್ಡಿನ ಪೊರೆಯೂ ಅದರೊಂದಿಗೇ ಹೋಗುತ್ತದೆ. ಬೆಂಗಳೂರಿನಲ್ಲಿ ಇದು ಸಣ್ಣ ಲಾಭವಲ್ಲ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ಕರಾವಳಿಯಲ್ಲಿ ಅದೇ ಬಿಸಿಯ ನೀರು ಹಿಡಿಯುವ ಆಮ್ಲಜನಕಕ್ಕಿಂತ ಇಲ್ಲಿನ ನೀರು ಸುಮಾರು ಹತ್ತನೇ ಒಂದು ಪಾಲು ಕಡಿಮೆ ಹಿಡಿಯುತ್ತದೆ. ಗಾಳಿಯ ಆಮ್ಲಜನಕ ನೀರಿಗೆ ಸೇರಬೇಕಾದರೆ ಮೇಲ್ಮೈ ಪೊರೆಯಿಲ್ಲದೆ ತೆರೆದಿರಬೇಕು.

ಗಲಾಟೆ ಶುರುವಾಗುವುದು ಪೆಟ್ಟಿಗೆಯಿಂದ ಕೆಳಗಿಳಿಯುವ ಪೈಪಿನಲ್ಲಿ. ಬಾಯಿ ತೆರೆದ ನೇರ ಪೈಪಿಗೆ ನೀರು ಬಿಟ್ಟರೆ ಅದು ಸುಳಿ ಎಬ್ಬಿಸಿ ಗಾಳಿಯನ್ನೂ ಎಳೆದುಕೊಂಡು ಬುಳುಬುಳು ಎನ್ನುತ್ತ ಇಳಿಯುತ್ತದೆ. ಮಲಗುವ ಕೋಣೆಯ ಪಕ್ಕ ಇಂಥದ್ದೊಂದು ಇದ್ದರೆ ರಾತ್ರಿಯೆಲ್ಲ ಶಿಕ್ಷೆ. ಪೈಪಿನಿಂದ ಗಾಳಿ ಪೂರ್ತಿ ಹೊರಟು ನೀರೇ ತುಂಬಿಕೊಂಡಾಗ ಮಾತ್ರ ಅದು ಸೈಫನ್ ಆಗುತ್ತದೆ. ಸದ್ದು ನಿಲ್ಲುತ್ತದೆ, ಹರಿವು ಹಲವು ಪಟ್ಟು ಹೆಚ್ಚುತ್ತದೆ. ಒಳವ್ಯಾಸ 25 ಮಿ.ಮೀ. ಇರುವ ಪೈಪಿನಲ್ಲಿ ನೀರು 75 ಸೆಂ.ಮೀ. ಇಳಿದರೆ, ಘರ್ಷಣೆಯೇ ಇಲ್ಲವೆಂದುಕೊಂಡಾಗ, ಗಂಟೆಗೆ ಸುಮಾರು 6,800 ಲೀಟರ್. ಘರ್ಷಣೆ ಮತ್ತು ಎಲ್ಬೋಗಳು ಅದರಲ್ಲಿ ದೊಡ್ಡ ಪಾಲನ್ನು ತಿಂದರೂ ಮನೆಯ ತೊಟ್ಟಿಗೆ ಸಾಕು.

ತೊಡಕೇನೆಂದರೆ, ಸೈಫನ್‌ಗೆ ಕೋಡಿಯ ಗುಣವಿಲ್ಲ. ನೀರು ಒಂದೆರಡು ಸೆಂ.ಮೀ. ಏರಿದರೆ ಅದರ ಹರಿವು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ಪೆಟ್ಟಿಗೆಯೊಳಗೆ ಎರಡು ಪೈಪು ಬೇಕು. ಒಂದರ ಬಾಯಿ ನೀರಿನಲ್ಲಿ ಮುಳುಗಿರುತ್ತದೆ, ಕೆಳಗೆ ವಾಲ್ವ್ ಇರುತ್ತದೆ, ಅದು ಸೈಫನ್. ಇನ್ನೊಂದರ ಬಾಯಿ ಎತ್ತರದಲ್ಲಿದ್ದು ಸುಮ್ಮನೆ ಕಾಯುತ್ತಿರುತ್ತದೆ, ಅದಕ್ಕೆ ವಾಲ್ವ್ ಹಾಕಲೇಬಾರದು. ಸೈಫನ್‌ನಲ್ಲಿ ಎಲೆಯೋ ಬಸವನಹುಳವೋ ಸಿಕ್ಕಿಕೊಂಡ ದಿನ ಎರಡನೆಯದೊಂದೇ ಪಂಪಿನ ನೀರನ್ನಷ್ಟೂ ಇಳಿಸುವಷ್ಟು ದೊಡ್ಡದಿರಬೇಕು. ವಾಲ್ವ್ ಹಲವು ಸುತ್ತು ತಿರುಗಿಸಿ ಮುಚ್ಚುವ ಗೇಟ್ ವಾಲ್ವೇ ಆಗಲಿ. ಬಾಲ್ ವಾಲ್ವ್ ಕಾಲು ಸುತ್ತಿಗೇ ಪೂರ್ತಿ ಮುಚ್ಚುವುದರಿಂದ ಕೂದಲೆಳೆಯಷ್ಟು ತಿರುಗಿಸಿ ಹದ ಮಾಡಲು ಅದರಲ್ಲಿ ಆಗದು. ಸೈಫನ್ ಪೈಪಿನ ತುದಿ ಸಂಪಿನ ನೀರಿನಲ್ಲಿ ಒಂದೆರಡು ಸೆಂ.ಮೀ. ಮಾತ್ರ ಮುಳುಗಿರಲಿ. ತೀರಾ ಆಳಕ್ಕಿಳಿದರೆ ಪೈಪಿನೊಳಗಿನ ಗಾಳಿ ಹೊರಬೀಳಲಾರದೆ ಸೈಫನ್ ಹಿಡಿಯುವುದೇ ಇಲ್ಲ.

ಇಷ್ಟೆಲ್ಲ ಚೆನ್ನಾಗಿ ಹರಿಯುತ್ತಿರುವಾಗಲೇ ಕರೆಂಟ್ ಹೋಗುತ್ತದೆ. ನನ್ನ ಪ್ರಕಾರ ಈ ಪ್ಲಂಬಿಂಗನ್ನು ಯೋಚಿಸಲು ಶುರು ಮಾಡಬೇಕಾದದ್ದೇ ಇಲ್ಲಿಂದ. ಪಂಪು ನಿಂತ ಕೂಡಲೇ ಕೋಡಿಯ ಮೇಲಿನ ಪದರ ಇಳಿದು ಸಂಪ್ ಸೇರುತ್ತದೆ. ಅದು ಸಣ್ಣ ಪಾಲು. ಮೇಲಕ್ಕೆ ನೀರು ತರುತ್ತಿದ್ದ ಪೈಪೇ ಈಗ ಹಿಮ್ಮುಖ ಸೈಫನ್ ಆಗಿ, ತನ್ನ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ತೊಟ್ಟಿಯ ನೀರನ್ನು ಕೆಳಕ್ಕೆ ಎಳೆಯುತ್ತದೆ. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಪ್ರತಿ ಸೆಂ.ಮೀ. ಎತ್ತರಕ್ಕೆ 5.4 ಲೀಟರ್. ಪೈಪಿನ ಬಾಯಿ ನೀರಿನ ಮಟ್ಟದಿಂದ 3 ಸೆಂ.ಮೀ. ಕೆಳಗಿದ್ದರೆ ಇಳಿಯುವುದು 16 ಲೀಟರ್. ಚೆಂದಕ್ಕೆಂದು 15 ಸೆಂ.ಮೀ. ಕೆಳಗೆ ಇಟ್ಟಿದ್ದರೆ 81 ಲೀಟರ್. 75 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ ಸಂಪಿನಲ್ಲಿ ಮೊದಲನೆಯದು ನೀರನ್ನು 6 ಸೆಂ.ಮೀ. ಏರಿಸಿದರೆ ಎರಡನೆಯದು 31 ಸೆಂ.ಮೀ. ಏರಿಸುತ್ತದೆ. ಅಷ್ಟು ಜಾಗ ಯಾವ ಸಂಪಿನಲ್ಲೂ ಖಾಲಿ ಇರುವುದಿಲ್ಲ. ಉಳಿದದ್ದು ನೆಲಕ್ಕೆ, ಅಪಾರ್ಟ್‌ಮೆಂಟ್ ಆದರೆ ಕೆಳಗಿನ ಮನೆಯ ಚಾವಣಿಗೆ.

ಪ್ಲಂಬರ್ ಹೇಳುವ ಪರಿಹಾರ ಗೊತ್ತಿರುವಂಥದ್ದೇ: “ಒಂದು ಎನ್‌ಆರ್‌ವಿ ಹಾಕಿಬಿಡೋಣ ಸಾರ್.” ನೀರನ್ನು ಹಿಂದಕ್ಕೆ ಬಿಡದ ಆ ವಾಲ್ವ್ ಹೊಸದಿದ್ದಾಗ ಕೆಲಸ ಮಾಡುತ್ತದೆ. ಅದರ ರೆಕ್ಕೆಗೆ ಪಾಚಿಯೋ ಮರಳ ಕಣವೋ ಕೂತರೆ ಸಂದಿ ಬಿಟ್ಟು ಸದ್ದಿಲ್ಲದೆ ಸೋರುತ್ತದೆ. ಹಾಕಿದರೆ ಹಾಕಲಿ, ನಂಬಿ ಕೂರಬಾರದು. ಪೈಪಿನ ಬಾಯಿಯನ್ನು ಮೇಲ್ಮೈಗೆ ಹತ್ತಿರ ತರುವುದು, ನೀರಿನ ಮಟ್ಟದ ಸ್ವಲ್ಪ ಕೆಳಗೆ ಅದೇ ಪೈಪಿಗೆ ಒಂದು ಸಣ್ಣ ತೂತು ಕೊರೆದು ಗಾಳಿ ನುಗ್ಗಲು ದಾರಿ ಮಾಡುವುದು, ಆ ತೂತನ್ನು ಆಗಾಗ ಉಜ್ಜುವುದು, ಇವೇ ಗಟ್ಟಿ.

ಇನ್ನೊಂದು ಅವಘಡ ತಿರುಗುಮುರುಗು. ಇಳಿಯುವ ಪೈಪುಗಳೆಲ್ಲ ಕಟ್ಟಿಕೊಂಡು ಪಂಪು ಮಾತ್ರ ಎತ್ತುತ್ತಲೇ ಹೋದರೆ? ಅದು ಎತ್ತಬಲ್ಲದ್ದು ತನ್ನ ಕೋಣೆಯಲ್ಲಿರುವಷ್ಟನ್ನೇ. ಆ ಕೋಣೆ 20 ಸೆಂ.ಮೀ. ಉದ್ದ, 35 ಅಗಲವಿದ್ದು ನೀರು 15 ಸೆಂ.ಮೀ. ಇದ್ದರೆ ಹತ್ತೂವರೆ ಲೀಟರ್. ಮೇಲಿನ ತೊಟ್ಟಿಯಲ್ಲಿ ಅದು 2 ಸೆಂ.ಮೀ. ಏರಿಕೆ. ತೊಟ್ಟಿಯ ಅಂಚನ್ನು ಅದಕ್ಕಿಂತ ಎತ್ತರ ಬಿಟ್ಟಿದ್ದರೆ ಹನಿಯೂ ಚೆಲ್ಲದು. ಪಂಪಿನ ಕೋಣೆಯನ್ನು ದೊಡ್ಡದು ಮಾಡಿಸುವ ಆಸೆ ಇದ್ದವರು ಈ ಲೆಕ್ಕ ಮೊದಲು ಹಾಕಲಿ.

ಸಾಮಾನುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮನೆಯ ನಲ್ಲಿಗೆ ಬಳಸುವ ಪಿವಿಸಿ ಪೈಪು, ತೂತಿಗೆ ರಬ್ಬರ್ ವಾಷರಿನ ಟ್ಯಾಂಕ್ ನಿಪ್ಪಲ್, ಬಿಚ್ಚಲು ಬರುವಂತೆ ಒಂದೆರಡು ಯೂನಿಯನ್. ಹಿತ್ತಾಳೆಯ ಜೋಡಣೆ ಬೇಡ, ಅದರಿಂದ ಕರಗುವ ತಾಮ್ರ ಸಿಗಡಿಗೂ ಬಸವನಹುಳಕ್ಕೂ ವಿಷ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜನ್ನು ಕೊರೆಯಲು ಹೋದರೆ ಇಡೀ ಗಾಜು ಪುಡಿಯಾಗುತ್ತದೆ. ಪಂಪಿನ ಡಬ್ಬದ ಮೇಲೆ ಬರೆದ ಅಂಕಿ ಎತ್ತರವೇ ಇಲ್ಲದಾಗಿನದು. ಒಂದು ಮೀಟರಿಗಿಂತ ಮೇಲೆ ಎತ್ತುವಾಗ ಅದು ಬಹಳ ಇಳಿಯುತ್ತದೆ.

ಮೀನು ಬಿಡುವ ಮೊದಲು ಬರೀ ನೀರಿನಲ್ಲಿ ಎರಡೂ ಅವಘಡಗಳನ್ನು ಬೇಕೆಂದೇ ಮಾಡಿ ನೋಡಬೇಕು. ಪಂಪು ಆಫ್ ಮಾಡಿ, ಸಂಪ್ ಎಲ್ಲಿಯವರೆಗೆ ತುಂಬಿತೆಂದು ನೋಡಿ. ಮತ್ತೆ ಆನ್ ಮಾಡಿ, ಇಳಿಯುವ ಪೈಪುಗಳಿಗೆ ಬಟ್ಟೆ ತುರುಕಿ ನೋಡಿ. ಎರಡರಲ್ಲೂ ನೆಲ ಒದ್ದೆಯಾಗದ ನೀರಿನ ಪ್ರಮಾಣ ಸಿಕ್ಕ ಮೇಲೆ, ಪಂಪು ಓಡುತ್ತಿರುವಾಗ ಕೊನೆಯ ಕೋಣೆಯಲ್ಲಿ ನೀರು ಎಲ್ಲಿ ನಿಂತಿದೆಯೋ ಅಲ್ಲಿ ಮಾರ್ಕರಿನಿಂದ ಗೆರೆ ಎಳೆಯಿರಿ. ಬೇಸಿಗೆಯಲ್ಲಿ ಆವಿಯಾದ ನೀರಿನ ಕೊರತೆ ಕಾಣುವುದು ಮೇಲಿನ ತೊಟ್ಟಿಯಲ್ಲಲ್ಲ, ಆ ಕೋಣೆಯಲ್ಲೇ. ನೀವು ಊರಲ್ಲಿಲ್ಲದಾಗ ನೀರು ತುಂಬುವವರಿಗೆ ಹೇಳಬೇಕಾದದ್ದು ಇಷ್ಟೇ: ಪಂಪು ಓಡುತ್ತಿರುವಾಗ ಮಾತ್ರ ತುಂಬಿ, ಗೆರೆ ದಾಟಿಸಬೇಡಿ.