ರಸ್ಟ್ ತನ್ನ ನಿಯಮವನ್ನು ತಾನೇ ಮುರಿಯುವ ಬಗೆ

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಖಡಕ್ ನಿಯಮ ಇದೆ. ಒಂದು ಟೈಪ್ (ಡೇಟಾದ ಬಗೆ) ಯಾವ ಕ್ರೇಟ್‌ನಲ್ಲಿ, ಅಂದರೆ ಯಾವ ಕೋಡ್ ಕಟ್ಟಿನಲ್ಲಿ ಹುಟ್ಟಿತೋ, ಅದರ ಸ್ವಂತ ಮೆಥಡ್‌ಗಳನ್ನೂ, ಅಂದರೆ ಅದರ ಮೇಲೆ ಓಡುವ ಫಂಕ್ಷನ್‌ಗಳನ್ನೂ, ಅಲ್ಲೇ ಬರೆಯಬೇಕು. ಇಲ್ಲದಿದ್ದರೆ ಇಬ್ಬರು ಬೇರೆ ಬೇರೆ ಕಡೆ ಕೂತು ಒಂದೇ ಟೈಪ್‌ಗೆ ಒಂದೇ ಹೆಸರಿನ ಮೆಥಡ್ ಅಂಟಿಸಿಬಿಟ್ಟರೆ, ಎರಡನ್ನೂ ಬಳಸುವವರ ಪ್ರೋಗ್ರಾಮ್‌ನಲ್ಲಿ ಯಾವುದು ಓಡಬೇಕು?

ತಮಾಷೆ ಏನಂದರೆ, ಈ ನಿಯಮ ಮೊದಲು ಅಡ್ಡ ಬರುವುದು ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಗೇ. ಐ32 (ಪೂರ್ಣಾಂಕ), ಎಫ್64 (ದಶಮಾಂಶ ಸಂಖ್ಯೆ), ಸ್ಲೈಸ್ (ಸಾಲಾಗಿ ಜೋಡಿಸಿದ ಮೌಲ್ಯಗಳು) ಇವೆಲ್ಲ ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಒಳಗೇ ಹುಟ್ಟುವಂಥವು, ಯಾವ ಕ್ರೇಟ್‌ಗೂ ಸೇರಿದವಲ್ಲ. ಸಾಲದ್ದಕ್ಕೆ ಲೈಬ್ರರಿಗೆ ಮೂರು ಪದರ. ತಳದ ಕೋರ್‌ಗೆ ಆಪರೇಟಿಂಗ್ ಸಿಸ್ಟಮ್ ಬೇಡ, ಹೀಪ್ ಮೆಮೊರಿಯೂ (ಓಡುವಾಗ ಬೇಕಾದಷ್ಟು ಕೇಳಿ ಪಡೆಯುವ ಜಾಗ) ಬೇಡ. ಅದರ ಮೇಲಿನ ಅಲಾಕ್‌ಗೆ ಹೀಪ್ ಬೇಕು. ತುದಿಯಲ್ಲಿ ಎಸ್‌ಟಿಡಿ. ಹೀಗಾಗಿ ಒಂದೇ ಟೈಪ್‌ನ ಮೆಥಡ್‌ಗಳು ಬೇರೆ ಬೇರೆ ಪದರಗಳಲ್ಲಿ ಚದುರುತ್ತವೆ. ಸ್ಲೈಸ್‌ನ 'ಸಾರ್ಟ್ ಅನ್‌ಸ್ಟೇಬಲ್' ಇದ್ದ ಜಾಗದಲ್ಲೇ ಅದಲುಬದಲು ಮಾಡುತ್ತದೆ, ಆದ್ದರಿಂದ ಕೋರ್‌ನಲ್ಲಿದೆ. ಬರೀ 'ಸಾರ್ಟ್' ಸಮ ಇರುವವುಗಳ ಮೂಲ ಕ್ರಮವನ್ನೂ ಉಳಿಸಬೇಕು, ಅದಕ್ಕೆ ಜಾಸ್ತಿ ಮೆಮೊರಿ ಬೇಕಾಗಬಹುದು, ಹಾಗಾಗಿ ಅಲಾಕ್‌ನಲ್ಲಿದೆ. ಎಫ್64ನ 'ಸೈನ್' (ತ್ರಿಕೋನಮಿತಿಯದು) ಎಸ್‌ಟಿಡಿಯಲ್ಲಿ.

ಇದನ್ನು ಮೊದಲು ನಿಭಾಯಿಸುತ್ತಿದ್ದ ರೀತಿ ಸ್ವಲ್ಪ ಒರಟು. ಕಂಪೈಲರ್ ಒಳಗೆ ಲ್ಯಾಂಗ್ ಐಟಮ್ ಎಂಬ ವಿಶೇಷ ಹೆಸರುಗಳ ಪಟ್ಟಿ. ಸ್ಲೈಸ್‌ಗೆ ಕೋರ್‌ನಲ್ಲಿ ಒಂದು ಹೆಸರು, ಅಲಾಕ್‌ನಲ್ಲಿ ಇನ್ನೊಂದು, ಒಳಗಿರುವುದು ಬೈಟ್‌ಗಳಾದರೆ ಅದಕ್ಕೆ ಬೇರೆ. ಒಂದು ಹೆಸರಿಗೆ ಒಂದೇ ಇಂಪ್ಲ್ ಬ್ಲಾಕ್, ಅಂದರೆ ಮೆಥಡ್‌ಗಳನ್ನು ಒಟ್ಟಿಗೆ ಬರೆಯುವ ಒಂದೇ ಆವರಣ. ಹೊಸ ಬ್ಲಾಕ್ ಬೇಕೆಂದರೆ ಲೈಬ್ರರಿ ಬರೆಯುವವರು ಕಂಪೈಲರ್‌ಗೇ ಕೈ ಹಾಕಬೇಕು. ಅತಿಯಾಯ್ತು, ಅಲ್ವಾ?

2022ರಲ್ಲಿ ಪಟ್ಟಿಯಿಂದ ಈ ಹೆಸರುಗಳನ್ನು ಕಿತ್ತು ಹಾಕಿದರು. ಈಗ ಕೋರ್ ಕ್ರೇಟ್‌ನ ತಲೆಯ ಮೇಲೆ ಒಂದು ಗುರುತು: ಮೂಲ ಟೈಪ್‌ಗಳನ್ನು ಇದು ತನ್ನವೇ ಎಂದುಕೊಳ್ಳಬಹುದು. ಅಲಾಕ್, ಎಸ್‌ಟಿಡಿಗಳಲ್ಲಿ ಆ ಸಲಿಗೆ ಇಲ್ಲ, ಅಲ್ಲಿ ಒಂದೊಂದು ಮೆಥಡ್ ಮೇಲೂ 'ಇದಕ್ಕೆ ವಿನಾಯಿತಿ' ಅಂತ ಬರೆಯಬೇಕು. ಇದು ನನಗೆ ತುಂಬಾ ಹಿಡಿಸಿತು. ನಿಯಮ ಎಲ್ಲಿ ಮುರಿಯಿತೋ ಅಲ್ಲೇ ಕಣ್ಣಿಗೆ ಬೀಳುತ್ತದೆ. ಕಂಪೈಲರ್ ಹೆಸರು ನೋಡುವುದಿಲ್ಲ. ಟೈಪ್‌ನ ಜಾತಿ ನೋಡಿ, ಸ್ಲೈಸ್ ಆದರೆ ಎಲ್ಲ ಕ್ರೇಟ್‌ಗಳಿಂದಲೂ ಸ್ಲೈಸ್‌ನ ಬ್ಲಾಕ್‌ಗಳನ್ನು ಒಟ್ಟು ಮಾಡಿಕೊಳ್ಳುತ್ತದೆ, ಅಷ್ಟೇ.

ಎರರ್ ಟ್ರೇಟ್ (ಟ್ರೇಟ್ ಅಂದರೆ ಬೇರೆ ಬೇರೆ ಟೈಪ್‌ಗಳು ಒಪ್ಪಿಕೊಳ್ಳುವ ಮೆಥಡ್‌ಗಳ ಕರಾರು; ಇದು ದೋಷಗಳದು) ಎಸ್‌ಟಿಡಿಯಿಂದ ಕೋರ್‌ಗೆ ಇಳಿಯುವಾಗಲೂ ಇದು ಕೆಲಸಕ್ಕೆ ಬಂತು. ಅದರ ಡೌನ್‌ಕಾಸ್ಟ್ ಮೆಥಡ್‌ಗಳಲ್ಲಿ (ದೋಷದ ಅಸಲಿ ಟೈಪ್ ಮರಳಿ ಪಡೆಯುವವು) ಕೆಲವಕ್ಕೆ ಬಾಕ್ಸ್, ಅಂದರೆ ಹೀಪ್‌ನಲ್ಲಿಟ್ಟ ಮೌಲ್ಯದ ಹಿಡಿಕೆ, ಬೇಕು, ಬಾಕ್ಸ್ ಇರುವುದು ಅಲಾಕ್‌ನಲ್ಲಿ. ಟ್ರೇಟ್ ಕೆಳಗೆ ಹೋಯಿತು, ಆ ಮೆಥಡ್‌ಗಳು ಗುರುತು ಹೊತ್ತು ಅಲಾಕ್‌ನಲ್ಲಿ ನಿಂತವು. 2024ರ 1.81 ಆವೃತ್ತಿಯಿಂದ ಕೋರ್‌ನ ಎರರ್ ಎಲ್ಲರಿಗೂ ಸಿಗುತ್ತಿದೆ. ಗುರುತು ಮಾತ್ರ ನಮ್ಮ ಕೈಗೆ ಸಿಗುವುದಿಲ್ಲ, ನಾವು ಎಂದಿನಂತೆ ಟ್ರೇಟ್ ಬರೆದುಕೊಂಡು ಇಂಪೋರ್ಟ್ ಮಾಡಿಕೊಳ್ಳಬೇಕು.