ಓದುಗರ ಪ್ರಶ್ನೆ: ಬರ್ಬನ್ ಪೀಪಾಯಿಯಲ್ಲಿಟ್ಟ ಮೇಪಲ್ ಸಿರಪ್ ಮದ್ಯವಾಗುತ್ತದೆಯೇ?

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ತಂದುಕೊಟ್ಟ ಬಾಟಲಿಯ ಮೇಲೆ ‘ಬರ್ಬನ್’ ಎಂಬ ಪದ ಕಂಡೊಡನೆ ಮನೆಯಲ್ಲಿ ಏಳುವ ಪ್ರಶ್ನೆ ಇದು. ಇದಕ್ಕೆ ಬಿಡಿಬಿಡಿಯಾಗಿ ಉತ್ತರಿಸಿ ದಣಿದಿರುವುದರಿಂದ ಈ ಸಲ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಅದು ಮದ್ಯವಲ್ಲ, ಹಿಂದೆ ಬರ್ಬನ್ ವಿಸ್ಕಿ ತುಂಬಿದ್ದ ಓಕ್ ಪೀಪಾಯಿಯಲ್ಲಿ ಕೆಲವು ತಿಂಗಳು ಇದ್ದು ಅದರ ಪರಿಮಳ ಹಿಡಿದ ಸಿರಪ್. ಮದ್ಯಸಾರದ ಲೇಶ ಉಳಿದಿರಬಹುದೇ ಎಂಬುದು ಬೇರೆ ವಿಚಾರ, ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಎಷ್ಟು ಹೇಳಿದರೂ ಅಳಿಯದ ಒಂದು ನಂಬಿಕೆಯನ್ನು ನೋಡೋಣ: ಸಿಹಿ ದ್ರವವನ್ನು ಮರದ ಪೀಪಾಯಿಯಲ್ಲಿ ಮುಚ್ಚಿಟ್ಟರೆ ಅದು ತಾನಾಗಿಯೇ ಹುದುಗಿ ಮದ್ಯವಾಗುತ್ತದೆ ಎಂಬುದು. ಪೀಪಾಯಿ ಮದ್ಯಸಾರವನ್ನು ತಯಾರಿಸುವುದೇ ಇಲ್ಲ. ವಿಸ್ಕಿಯ ವಿಷಯದಲ್ಲೂ ಧಾನ್ಯ ಹುದುಗುವುದು ಬೇರೆ ತೊಟ್ಟಿಯಲ್ಲಿ, ಅದೂ ಕೆಲವೇ ದಿನಗಳಲ್ಲಿ. ಆಮೇಲೆ ಅದನ್ನು ಬಟ್ಟಿ ಇಳಿಸಿ, ಮದ್ಯವಾದ ನಂತರವೇ ಪೀಪಾಯಿಗೆ ತುಂಬುತ್ತಾರೆ. ಬರ್ಬನ್ ಪೀಪಾಯಿಗೆ ಸೇರುವಾಗ ಅದರಲ್ಲಿ ಶೇ. 62.5ರವರೆಗೆ ಮದ್ಯಸಾರ ಇರಬಹುದೆಂದು ಅಮೆರಿಕದ ನಿಯಮವೇ ಮಿತಿ ಹಾಕಿದೆ. ಮರದೊಳಗಿನ ವರ್ಷಗಳು ಬಣ್ಣವನ್ನೂ ವಾಸನೆಯನ್ನೂ ಕೊಡುತ್ತವೆ, ಅಮಲನ್ನಲ್ಲ.

ಇನ್ನು ಸಿರಪ್‌ನ ಮಾತು. ಕೆನಡಾದ ಕ್ವಿಬೆಕ್ ಅಥವಾ ಅಮೆರಿಕದ ವರ್ಮಾಂಟ್‌ನಲ್ಲಿ ಚಳಿಗಾಲ ಕಳೆಯುವ ಹೊತ್ತಿಗೆ, ರಾತ್ರಿ ಹೆಪ್ಪುಗಟ್ಟಿಸುವ ಚಳಿ ಇದ್ದು ಹಗಲು ಹಿಮ ಕರಗುವ ವಾರಗಳಲ್ಲಿ, ಮೇಪಲ್ ಮರದಿಂದ ಇಳಿಸುವ ರಸದಲ್ಲಿ ಸಕ್ಕರೆ ಇರುವುದು ಸುಮಾರು ಶೇ. 2 ಮಾತ್ರ. ಸುಮಾರು 40 ಲೀಟರ್ ರಸವನ್ನು ಕುದಿಸಿ ಬತ್ತಿಸಿದರೆ 1 ಲೀಟರ್ ಸಿರಪ್ ದೊರೆಯುತ್ತದೆ, ಅದರಲ್ಲಿ ಸಕ್ಕರೆಯ ಪಾಲು ಸುಮಾರು ಶೇ. 66. ಅಷ್ಟು ಗಟ್ಟಿಯಾದ ಸಕ್ಕರೆ, ಹುದುಗಿಸುವ ಸೂಕ್ಷ್ಮಜೀವಿಯಾದ ಯೀಸ್ಟ್‌ನ ಕಣದೊಳಗಿನ ನೀರನ್ನೇ ಹೊರಗೆಳೆದುಬಿಡುವುದರಿಂದ ಅದು ಬೆಳೆಯಲಾರದು. ಮಲೆನಾಡಿನ ಮನೆಗಳಲ್ಲಿ ಜೋನಿ ಬೆಲ್ಲವನ್ನು ವರ್ಷವಿಡೀ ಇಟ್ಟು ದೋಸೆಗೆ ಹಾಕಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹದವಾಗಿ ಕಾಸಿದ ಬೆಲ್ಲ ಕೆಡುವುದಿಲ್ಲ, ನೀರಂಶ ಉಳಿದದ್ದು ಮಾತ್ರ ನೊರೆಯೆದ್ದು ಹುಳಿಯಾಗುತ್ತದೆ. ಮೇಪಲ್ ಸಿರಪ್ ಕೂಡ ತೆಳುವಾಗಿದ್ದರೆ ಹುದುಗೀತು, ಆದರೆ ತಯಾರಕರ ಲೆಕ್ಕದಲ್ಲಿ ಅದು ಕೆಟ್ಟ ಸರಕು.

ಹಾಗಾದರೆ ಲೇಶ ಎಂದದ್ದು ಎಲ್ಲಿಂದ ಬರುತ್ತದೆ? ಪೀಪಾಯಿಯನ್ನು ಬರಿದು ಮಾಡಿದ ಮೇಲೂ ಮರದ ಹಲಗೆಗಳು ಬರ್ಬನ್ ಹೀರಿಕೊಂಡಿರುತ್ತವೆ. 200 ಲೀಟರ್ ಸಿರಪ್‌ಗೆ ಶೇ. 60ರ ಬರ್ಬನ್ 2 ಲೀಟರಿನಷ್ಟು ಮರದಿಂದ ಇಳಿಯಿತೆಂದು ಇಟ್ಟುಕೊಂಡರೂ ಮದ್ಯಸಾರ ಶೇ. 0.6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಬಾಟಲಿಗೆ ತುಂಬುವ ಮುನ್ನ ಸಿರಪ್ಪನ್ನು ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ಮಾಡುವುದರಿಂದ ಅದರಲ್ಲೂ ಒಂದಷ್ಟು ಆರಿಹೋಗುತ್ತದೆ. ಮದ್ಯಸಾರ 78 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಏನೂ ಉಳಿಯದು ಎಂದು ವಾದಿಸುವವರಿದ್ದಾರೆ. ದ್ರವದಲ್ಲಿ ಬೆರೆತ ಮದ್ಯಸಾರ ಅಷ್ಟು ಸುಲಭವಾಗಿ ಪೂರ್ತಿ ಬಿಟ್ಟುಹೋಗುವುದಿಲ್ಲ. ಧರ್ಮದ ಅಥವಾ ಆರೋಗ್ಯದ ಕಾರಣಕ್ಕೆ ಒಂದು ಹನಿಯೂ ಬೇಡವೆನ್ನುವವರು ತಯಾರಕರನ್ನೇ ವಿಚಾರಿಸಬೇಕು, ಇಲ್ಲವೇ ಸಾದಾ ಸಿರಪ್ ಕೊಳ್ಳಬೇಕು.

ಯಾರೂ ಕೇಳದಿದ್ದರೂ ನನಗೆ ಇದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು, ಇಷ್ಟೊಂದು ಹಳೆಯ ಪೀಪಾಯಿಗಳು ಸಿಗುವುದಾದರೂ ಹೇಗೆ ಎಂಬುದು. ಬರ್ಬನ್ನನ್ನು ಒಳಭಾಗ ಸುಟ್ಟ ಹೊಸ ಓಕ್ ಪಾತ್ರೆಯಲ್ಲೇ ಇಡಬೇಕೆಂಬುದು ಅಮೆರಿಕದ ಕಾನೂನು, ಹಾಗಾಗಿ ಒಮ್ಮೆ ಬಳಸಿದ ಪೀಪಾಯಿ ಮತ್ತೆ ಬರ್ಬನ್ ತಯಾರಿಕೆಗೆ ಬಾರದು. ಅವು ಸ್ಕಾಟ್ಲೆಂಡಿನ ವಿಸ್ಕಿ ತಯಾರಕರಿಗೆ ಹೋಗುತ್ತವೆ. ಲೂಯಿಸಿಯಾನಾದಲ್ಲಿ ಟಬಾಸ್ಕೊ ಸಾಸ್‌ಗಾಗಿ ಅರೆದ ಮೆಣಸಿನಕಾಯಿಯೂ ಇಂಥ ಪೀಪಾಯಿಗಳಲ್ಲೇ ವರ್ಷಗಟ್ಟಲೆ ಕೂರುತ್ತದೆ. ಸಿರಪ್ ತೆಗೆದ ಪೀಪಾಯಿಗೂ ಗಿರಾಕಿಗಳಿದ್ದಾರೆ: ಮಿಶಿಗನ್ನಿನ ಫೌಂಡರ್ಸ್ ಎಂಬ ಬಿಯರ್ ತಯಾರಕರು ಮೇಪಲ್ ಸಿರಪ್ ಇದ್ದ ಬರ್ಬನ್ ಪೀಪಾಯಿಗಳಲ್ಲಿ ಒಂದು ಗಾಢ ಸ್ಟೌಟ್ ಬಿಯರನ್ನು ಹದಗೊಳಿಸಿ ಹೆಸರು ಮಾಡಿದರು. ಮರಕ್ಕೆ ಅಂಟಿದ ಸಿರಪ್ ಬಿಯರಿನಲ್ಲಿ ಕರಗಿ ತೆಳುವಾದಾಗ, ಅಲ್ಲಿ ಜೀವಂತ ಯೀಸ್ಟ್ ಉಳಿದಿದ್ದರೆ, ಆ ಸಕ್ಕರೆ ನಿಜವಾಗಿಯೂ ಹುದುಗಬಲ್ಲದು.